ನೀರಿನ ನಡುವೆ ನಿಂತ ದೀಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಕಾರವಾರ ಕೊಲ್ಲಿಯ ದೇವಗಡ ನಡುಗಡ್ಡೆಯ ದೀಪಸ್ತಂಭದ ಚಿತ್ರ ಹಾಕಿದ್ದೆವು. ಅದನ್ನು ನೋಡಿ ಬಂದ ಪತ್ರಗಳಲ್ಲಿ ಹೆಚ್ಚಿನವು ಘಟ್ಟದ ಮೇಲಿನವು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ. ದೀಪಸ್ತಂಭ ಎಂದರೆ ದೇವಸ್ಥಾನದ ಮುಂದಿನ ಕಲ್ಲುಕಂಬ ಎಂದುಕೊಂಡವರೂ ಇದ್ದರು. ಇಲ್ಲಿ ಹೇಳುವುದೆಲ್ಲ ಹಡಗಿಗೆ ಗುರುತು ತೋರಿಸುವ ಲೈಟ್‌ಹೌಸ್ ವಿಚಾರ.

ಪ್ರಶ್ನೆ: ದಡದಲ್ಲೇ ಅಷ್ಟು ಗುಡ್ಡಗಳಿರುವಾಗ ನೀರಿನ ನಡುವೆ ಹೋಗಿ ಏಕೆ ಕಟ್ಟಿದರು? ನಾವು ಹೋಗಿ ನೋಡಬಹುದೇ? (ಕಡೂರು)

ದಡ ಎಲ್ಲಿದೆ ಎಂದು ತಿಳಿದರೆ ಹಡಗಿನವನಿಗೆ ಸಾಲದು, ಅಪಾಯ ಎಲ್ಲಿದೆ ಎಂದೂ ತಿಳಿಯಬೇಕು. ಕಾರವಾರದ ಮುಂದಿನ ಕಡಲಿನಲ್ಲಿ ಬಂಡೆಗಳೂ ನಡುಗಡ್ಡೆಗಳೂ ಚೆದುರಿಕೊಂಡಿವೆ. ದೀಪವನ್ನು ದಡದ ಗುಡ್ಡದ ಮೇಲಿಟ್ಟರೆ, ಅದನ್ನೇ ನಂಬಿ ನೇರ ಬಂದ ಹಡಗು ನಡುವಿನ ಬಂಡೆಗೆ ಬಡಿಯುತ್ತದೆ. ಕಡಲ ಕಡೆಗಿರುವ ನಡುಗಡ್ಡೆಯ ಮೇಲಿಟ್ಟರೆ ಅದೇ ಅಪಾಯದ ಗುರುತೂ ಆಗುತ್ತದೆ, ಬಂದರಿನ ಬಾಗಿಲ ಗುರುತೂ ಆಗುತ್ತದೆ.

ದೇವಗಡವನ್ನು ಹಡಗಿನವರು ಆಯ್‌ಸ್ಟರ್ ರಾಕ್ ಎನ್ನುತ್ತಾರೆ. ಅಲ್ಲಿ ದೀಪ ಹೊತ್ತಿಸಿದ್ದು 1864ರಲ್ಲಿ. ಆ ಹೊತ್ತಿಗೆ ಅದಕ್ಕೆ ಕಾರಣವಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ ಕಾರವಾರವನ್ನು ಜಿಲ್ಲಾ ಕೇಂದ್ರ ಮಾಡಿದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಲು ಬಂದರು ಬೇಕಾಯಿತು, ಬಂದರಿಗೆ ದೀಪ ಬೇಕಾಯಿತು.

ನೋಡಲು ಹೋಗುವುದಾದರೆ ಒಂದು ಮಾತು. ಆ ಕಡಲು ನೌಕಾನೆಲೆಯ ಪಕ್ಕದ್ದು. ಕಾರವಾರ ಬಂದರು ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅನುಮತಿ ಪಡೆದೇ ದೋಣಿ ಹತ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಯೋಚನೆಯೇ ಬೇಡ. ಮಕ್ಕಳಿಗೆ ಲೈಟ್‌ಹೌಸ್ ತೋರಿಸುವುದಷ್ಟೇ ಉದ್ದೇಶವಾದರೆ ಉಡುಪಿ ಜಿಲ್ಲೆಯ ಕಾಪು ಸುಲಭ. 1901ರಲ್ಲಿ ಕಟ್ಟಿದ ಗೋಪುರ, ಕಡಲ ತೀರದ ಬಂಡೆಯ ಮೇಲೇ ಇದೆ. ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ, ಸಮಯವನ್ನು ಮಾತ್ರ ವಿಚಾರಿಸಿಕೊಂಡು ಹೋಗಿ.

ಪ್ರಶ್ನೆ: ನಮ್ಮ ಶೆಟ್ಟಿಹಳ್ಳಿ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ, ಅಲೆಯೇ ಇಲ್ಲದ ನೀರಿನಲ್ಲಿ ನಿಂತು ಉದುರುತ್ತಿದೆ. ಅದೇ ಕಾಲದ ದೀಪಸ್ತಂಭಗಳು ಕಡಲ ಹೊಡೆತ ತಿಂದೂ ನಿಂತಿವೆ. ಗಾರೆಯಲ್ಲಿ ಏನಾದರೂ ಗುಟ್ಟಿದೆಯೇ? (ಹಾಸನ)

ಗುಟ್ಟು ಅರ್ಧ ಗಾರೆಯಲ್ಲಿದೆ, ಅರ್ಧ ಕಲ್ಲು ಕೂರಿಸುವ ಕ್ರಮದಲ್ಲಿದೆ. ಮೊದಲು ಶೆಟ್ಟಿಹಳ್ಳಿಯನ್ನೇ ನೋಡೋಣ.

1860ರ ದಶಕದಲ್ಲಿ ಆ ಚರ್ಚನ್ನು ನೆಲದ ಮೇಲೆ ನಿಲ್ಲಲೆಂದು ಕಟ್ಟಿದರು. ನೀರು ಬಂದದ್ದು 1979ರಲ್ಲಿ, ಗೊರೂರು ಅಣೆಕಟ್ಟೆ ಆದ ಮೇಲೆ. ಬರೀ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ದಪ್ಪ ಗೋಡೆಯ ಒಳಗೆ ಗಾಳಿ ಹೋಗುವುದು ನಿಧಾನ, ಹಾಗಾಗಿ ಒಳಗಿನ ಗಾರೆ ಎಷ್ಟೋ ವರ್ಷ ಮೆತ್ತಗೇ ಉಳಿಯುತ್ತದೆ. ನೀರು ಸೇರಿದರೆ ಆ ಮೆತ್ತಗಿನ ಸುಣ್ಣ ಸ್ವಲ್ಪ ಸ್ವಲ್ಪವಾಗಿ ಕರಗಿ ಹೋಗುತ್ತದೆ. ಇದಕ್ಕಿಂತ ದೊಡ್ಡ ಕೇಡು ಮುಳುಗಿ ಒಣಗುವ ಆಟ. ಮಳೆಗಾಲದಲ್ಲಿ ಇಟ್ಟಿಗೆ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಒಣಗುವಾಗ ನೀರಿನಲ್ಲಿದ್ದ ಲವಣ ಇಟ್ಟಿಗೆಯ ಮೇಲ್ಮೈಗೆ ಬಂದು ಹರಳಾಗಿ, ಪದರ ಪದರವಾಗಿ ಸಿಪ್ಪೆ ಎಬ್ಬಿಸುತ್ತದೆ. ಜಲಾಶಯದ ಮಟ್ಟ ಬೇಗ ಇಳಿದಾಗ ಗೋಡೆಯೊಳಗಿನ ನೀರು ಅಷ್ಟೇ ಬೇಗ ಇಳಿಯದೆ ಹೊರಗೆ ತಳ್ಳುತ್ತದೆ, ಪಾಯದ ಮಣ್ಣು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕುಸಿಯುತ್ತದೆ. ಮೇಲೆ ಚಾವಣಿಯೂ ಇಲ್ಲ. ನಿಂತ ನೀರು ಎಂದು ನೀವು ಬರೆದಿದ್ದೀರಿ. ಗೋಡೆಯ ಮಟ್ಟಿಗೆ ಅದು ನಿಂತ ನೀರಲ್ಲ, ವರ್ಷಕ್ಕೊಮ್ಮೆ ಏರಿ ಇಳಿಯುವ ನೀರು.

ಕಡಲ ಗೋಪುರ ಕಟ್ಟಿದವರು ಮೊದಲ ದಿನದಿಂದಲೇ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಕಥೆ ಇದಕ್ಕೆ ಒಳ್ಳೆಯ ಪಾಠ. 1698ರಲ್ಲಿ ಹೆನ್ರಿ ವಿನ್‌ಸ್ಟನ್ಲಿ ಕಟ್ಟಿದ ಗೋಪುರ 1703ರ ಬಿರುಗಾಳಿಗೆ ಕಟ್ಟಿದವನ ಸಮೇತ ಹೋಯಿತು. 1709ರ ಮರದ ಗೋಪುರ 1755ರಲ್ಲಿ ಸುಟ್ಟುಹೋಯಿತು. 1759ರಲ್ಲಿ ಜಾನ್ ಸ್ಮೀಟನ್ ಕಲ್ಲಿನದನ್ನು ಕಟ್ಟಿದ. ಜೇಡಿಮಣ್ಣಿನ ಅಂಶ ಬೆರೆತ ಸುಣ್ಣದಕಲ್ಲನ್ನು ಸುಟ್ಟರೆ ಬರುವ ಸುಣ್ಣ ನೀರಿನೊಳಗೂ ಗಟ್ಟಿಯಾಗುತ್ತದೆ ಎಂಬುದನ್ನು ಅವನು ಪರೀಕ್ಷೆ ಮಾಡಿ ಕಂಡುಕೊಂಡ. ಅಂಥ ಸುಣ್ಣ ಒಂದು ಪಾಲು, ಇಟಲಿಯಿಂದ ತರಿಸಿದ ಜ್ವಾಲಾಮುಖಿಯ ಬೂದಿಮಣ್ಣು ಒಂದು ಪಾಲು, ಇದು ಅವನ ಗಾರೆ.

ಇದನ್ನು ಕೇಳಿ ನಮ್ಮ ಕಡೆಯ ಹಳೇ ಗಾರೆ ಮೇಸ್ತ್ರಿಗಳಿಗೆ ಸುರ್ಕಿ, ಅಂದರೆ ಸುಣ್ಣಕ್ಕೆ ಬೆರೆಸುವ ಇಟ್ಟಿಗೆಪುಡಿ, ನೆನಪಾದರೆ ಸರಿಯೇ. ಜ್ವಾಲಾಮುಖಿಯ ಬೂದಿ ಮಾಡುವ ಕೆಲಸವನ್ನೇ ಇಟ್ಟಿಗೆಪುಡಿ ಮಾಡುತ್ತದೆ. ಹೇಮಾವತಿ ಹೋಗಿ ಸೇರುವ ಕೃಷ್ಣರಾಜಸಾಗರದ ಕಟ್ಟೆ ಸುರ್ಕಿ ಗಾರೆಯದ್ದು. ಪುಡಿ ಮಾಡುವ ಇಟ್ಟಿಗೆ ಹದವಾಗಿ ಬೆಂದಿರಬೇಕು. ಅತಿಯಾಗಿ ಸುಟ್ಟು ಗಾಜಿನಂತೆ ಕಪ್ಪಾದ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಕೂಡುವುದಿಲ್ಲ, ಬರೀ ಮರಳಿನಂತೆ ಉಳಿಯುತ್ತದೆ. ಅಂತರ ಕಣ್ಣಾರೆ ನೋಡಬೇಕೆಂದರೆ ಅರಳಿದ ಸುಣ್ಣದಲ್ಲಿ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಕಟ್ಟಿ, ಒಂದಕ್ಕೆ ನುಣ್ಣಗೆ ಜರಡಿ ಹಿಡಿದ ಇಟ್ಟಿಗೆಪುಡಿ ಬೆರೆಸಿ. ಕೈಗೆ ಕೈಗವಸು ಇರಲಿ. ಎರಡನ್ನೂ ಒಂದು ವಾರ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಆಮೇಲೆ ಗಾಜಿನ ಲೋಟದ ನೀರಿಗೆ ಬಿಡಿ. ಬರೀ ಸುಣ್ಣದ್ದು ಮೆತ್ತಗಾಗಿ ಕುಸಿಯುತ್ತದೆ, ಸುರ್ಕಿಯದು ಉಂಡೆಯಾಗಿಯೇ ನಿಲ್ಲುತ್ತದೆ. ಸ್ಮೀಟನ್ ಮಾಡಿದ್ದೂ ಇದೇ ಉಂಡೆ ಪರೀಕ್ಷೆ.

ಇನ್ನು ಕಲ್ಲು ಕೂರಿಸುವ ವಿಚಾರ. ಬಡಗಿಗಳು ಮೇಜಿನ ಡ್ರಾಯರ್ ಮೂಲೆಗೆ ಹಾಕುವ ಡವ್‌ಟೇಲ್ ಕಚ್ಚು ಗೊತ್ತಲ್ಲ, ಸ್ಮೀಟನ್ ಗ್ರಾನೈಟ್ ಕಲ್ಲುಗಳನ್ನು ಅದೇ ರೀತಿ ಒಂದಕ್ಕೊಂದು ಕಚ್ಚಿಸಿದ. ಒಂದು ವರಸೆಯಿಂದ ಇನ್ನೊಂದು ವರಸೆ ಜಾರದಂತೆ ನಡುವೆ ಅಮೃತಶಿಲೆಯ ಗೂಟ ಇಟ್ಟ. ಕೆಳಗಿನ ಬಂಡೆಯನ್ನೂ ಮೆಟ್ಟಿಲಾಗಿ ಕಡಿದು ಮೊದಲ ವರಸೆಯನ್ನು ಅದರೊಳಗೇ ಕೂರಿಸಿದ. ಬುಡದಲ್ಲಿ ಕೋಣೆ ಇಲ್ಲ, ಪೂರ್ತಿ ಕಲ್ಲು. ಬೇಲೂರು, ಹಳೇಬೀಡಿನಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ನಿಲ್ಲಿಸಿದ್ದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಭಾರ ಹೊರುವುದೂ ತಳ್ಳಿದರೆ ತಡೆಯುವುದೂ ಕಲ್ಲಿನ ಕಚ್ಚು. ಗಾರೆಗೆ ಇರುವ ಕೆಲಸ ಸಂದು ಮುಚ್ಚುವುದು.

ಹೊಡೆತ ಎಷ್ಟಿರುತ್ತದೆ? ಸ್ಕಾಟ್ಲೆಂಡಿನ ಸ್ಕೆರಿವೋರ್ ಬಂಡೆಯಲ್ಲಿ 1845ರ ಮಾರ್ಚ್‌ನಲ್ಲಿ ಥಾಮಸ್ ಸ್ಟೀವನ್‌ಸನ್ ಅಳೆದ ಅಲೆಯ ಒತ್ತಡ ಚದರಡಿಗೆ 6083 ಪೌಂಡ್. ನಮ್ಮ ಲೆಕ್ಕದಲ್ಲಿ ಚದರ ಮೀಟರಿಗೆ ಹತ್ತಿರ ಹತ್ತಿರ 30 ಟನ್. ಒಂದು ಕ್ಷಣ ಮಾತ್ರ ಇರುವ ಒತ್ತಡ, ಆದರೂ ಕಚ್ಚಿಲ್ಲದ ಕಲ್ಲನ್ನು ಕಿತ್ತೆಸೆಯಲು ಅಷ್ಟು ಸಾಕು. ಸ್ಮೀಟನ್ ಗೋಪುರಕ್ಕೆ ಕೊನೆಗೂ ಏನೂ ಆಗಲಿಲ್ಲ. ಅದು ನಿಂತಿದ್ದ ಬಂಡೆಯೇ ಕೆಳಗಿನಿಂದ ಸವೆಯಿತು. 1882ರಲ್ಲಿ ಪಕ್ಕದ ಬಂಡೆಯ ಮೇಲೆ ಹೊಸದು ಬಂತು, ಹಳೆಯದರ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್ ಊರಿನಲ್ಲಿ ಮತ್ತೆ ಕಟ್ಟಿ ಉಳಿಸಿಕೊಂಡಿದ್ದಾರೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಕಳಿಸಿದ ಕ್ಯಾಲೆಂಡರಿನಲ್ಲಿ ಒಂದು ಲೈಟ್‌ಹೌಸ್ ಇದೆ. ಗೋಪುರವೇ ಅಲ್ಲ. ಆರು ಮೂಲೆಯ ಮರದ ಮನೆ, ಕೆಳಗೆ ಕಬ್ಬಿಣದ ಕಾಲುಗಳು, ಸುತ್ತ ನೀರು. ಚೆಸಪೀಕ್ ಕೊಲ್ಲಿ ಎಂದು ಬರೆದಿದೆ. ಇಷ್ಟು ತೆಳ್ಳಗಿನ ಕಾಲಿನ ಮೇಲೆ ಅದು ಹೇಗೆ ನಿಂತಿದೆ? (ಸಕಲೇಶಪುರ)

ನೀವು ಕಳಿಸಿದ ಚಿತ್ರ ಥಾಮಸ್ ಪಾಯಿಂಟ್ ಶೋಲ್ ಎಂಬ ದೀಪಸ್ತಂಭದ್ದು. ಮೆರಿಲ್ಯಾಂಡ್ ರಾಜ್ಯದ ಅನಾಪೊಲಿಸ್ ಊರಿನ ಹತ್ತಿರ, 1875ರಲ್ಲಿ ಕಟ್ಟಿದ್ದು. ಅದಕ್ಕೆ ಮುಂಚೆ, 1825ರಿಂದ, ದಡದ ಮೇಲೆ ಕಲ್ಲಿನ ಗೋಪುರವಿತ್ತು. ಆದರೆ ಹಡಗು ಸಿಕ್ಕಿಬೀಳುತ್ತಿದ್ದ ಮರಳು ದಿಬ್ಬ ಕೊಲ್ಲಿಯೊಳಕ್ಕೆ ದೂರ ಚಾಚಿಕೊಂಡಿತ್ತು, ದಡವೂ ಕೊಚ್ಚಿಹೋಗುತ್ತಿತ್ತು.

ಎಡಿಸ್ಟೋನ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಕೆಳಗೆ ಬಂಡೆ, ಆದ್ದರಿಂದ ಭಾರವಿದ್ದಷ್ಟೂ ಒಳ್ಳೆಯದು. ಇಲ್ಲಿ ಕೆಳಗೆ ಕೆಸರು, ಮರಳು. ಭಾರದ ಗೋಪುರ ಇಟ್ಟರೆ ಹೂತುಹೋಗುತ್ತದೆ, ಇಲ್ಲವೇ ವಾಲುತ್ತದೆ. ಹಾಗಾಗಿ ಮೇಲಿನ ಕಟ್ಟಡ ಹಗುರವಿರಬೇಕು, ಅಲೆಗೆ ಅಡ್ಡ ನಿಲ್ಲದೆ ಅದನ್ನು ಕಾಲುಗಳ ನಡುವೆ ಹೋಗಲು ಬಿಡಬೇಕು, ಕಾಲು ಮಾತ್ರ ಆಳದಲ್ಲಿ ಹಿಡಿದಿರಬೇಕು. ಈ ಮೂರನ್ನೂ ಸಾಧಿಸಿದ್ದು ತಿರುಪು ಕಂಬ. ಅದನ್ನು ಕಂಡುಹಿಡಿದವನು ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್, ಕಣ್ಣು ಕಾಣದ ಎಂಜಿನಿಯರ್. 1833ರಲ್ಲಿ ಪೇಟೆಂಟ್ ಪಡೆದ. ಇಂಥ ಕಂಬಗಳ ಮೇಲೆ ಮೊದಲು ಬೆಳಗಿದ ದೀಪ ಇಂಗ್ಲೆಂಡಿನ ಫ್ಲೀಟ್‌ವುಡ್ ಬಳಿಯ ವೈರ್ ದೀಪ, 1840ರಲ್ಲಿ. ಮರುವರ್ಷ ಥೇಮ್ಸ್ ಅಳಿವೆಯ ಮೇಪ್ಲಿನ್ ಮರಳಿನ ಮೇಲಿನದು.

ಕಂಬ ಹೇಗಿರುತ್ತದೆ ಎಂಬುದಕ್ಕೆ ಮೇಪ್ಲಿನ್‌ನದನ್ನೇ ನೋಡಿ. ಸುಮಾರು 5 ಅಂಗುಲ ದಪ್ಪದ ಮೆದು ಕಬ್ಬಿಣದ ಸರಳು, ಅದರ ತುದಿಗೆ 4 ಅಡಿ ಅಗಲದ ಎರಕದ ಕಬ್ಬಿಣದ ತಿರುಪು ರೆಕ್ಕೆ. ತೋಟದಲ್ಲಿ ಗಿಡದ ಗುಂಡಿ ತೋಡುವ ಆಗರ್ ಮೆಷಿನ್ನಿನ ತುದಿ ಹೀಗೆಯೇ ಇರುತ್ತದೆ. ಒಂದೇ ವ್ಯತ್ಯಾಸ, ಆಗರ್ ಮಣ್ಣನ್ನು ಮೇಲೆ ಎತ್ತಿ ಹಾಕುತ್ತದೆ. ತಿರುಪು ಕಂಬ ಮಣ್ಣನ್ನು ಅಲ್ಲೇ ಬಿಟ್ಟು, ಬಾಟಲಿಯ ಬೆಂಡಿಗೆ ತಿರುಪು ಹೊಕ್ಕಂತೆ ಹೊಕ್ಕು, ಕೊನೆಗೆ ಅಲ್ಲೇ ಉಳಿಯುತ್ತದೆ. ಲೆಕ್ಕ ಹಾಕಿ: 48 ಅಂಗುಲದ ರೆಕ್ಕೆಗೂ 5 ಅಂಗುಲದ ಸರಳಿಗೂ ವಿಸ್ತೀರ್ಣದಲ್ಲಿ 92 ಪಟ್ಟು ಅಂತರ. ಬರೀ ಸರಳನ್ನು ಬಡಿದು ನೆಟ್ಟಿದ್ದರೆ ಸೂಜಿಯಂತೆ ಇಳಿದುಹೋಗುತ್ತಿದ್ದ ಭಾರವನ್ನು ಈ ರೆಕ್ಕೆ ತಟ್ಟೆಯಂತೆ ಹೊರುತ್ತದೆ. ಮೇಲಕ್ಕೆ ಎಳೆದರೂ ರೆಕ್ಕೆಯ ಮೇಲಿನ ಮಣ್ಣೆಲ್ಲ ತಡೆಯುವುದರಿಂದ ಬಿರುಗಾಳಿಗೆ ಕಿತ್ತು ಬರುವುದಿಲ್ಲ.

ನೆಡುವ ಕೆಲಸ ಗಾಣದ ಕೆಲಸದಂತೆ. ತೆಪ್ಪ ಅಥವಾ ಅಟ್ಟಣಿಗೆಯ ಮೇಲೆ ಕಂಬವನ್ನು ನೆಟ್ಟಗೆ ಹಿಡಿದು, ತಲೆಗೆ ಚಕ್ರ ಸಿಕ್ಕಿಸಿ, ಅದಕ್ಕೆ ಉದ್ದನೆಯ ಮರದ ಗುದ್ದಲಿಕಾವಿನಂಥ ತೋಳುಗಳನ್ನು ಹಾಕಿ, ಆಳುಗಳು ಸುತ್ತ ನಡೆಯುತ್ತ ತಿರುಗಿಸುತ್ತಾರೆ. ಒಂದು ಸುತ್ತಿಗೆ ತಿರುಪಿನ ಒಂದು ಎಳೆಯಷ್ಟು ಕೆಳಗೆ. ಕಂಬ ಸ್ವಲ್ಪ ವಾಲಿದರೂ ಮುಂದೆ ಮೇಲಿನ ಚೌಕಟ್ಟು ಕೂಡುವುದಿಲ್ಲ. ಆದ್ದರಿಂದ ಮೊದಲ ಕೆಲವು ಸುತ್ತಿನಲ್ಲೇ ತೂಗುಗುಂಡು ಹಿಡಿದು ನೇರ ನೋಡಬೇಕು, ಆಳಕ್ಕೆ ಹೋದ ಮೇಲೆ ತಿದ್ದಲಾಗದು. ಕೆಳಗೆ ಗಟ್ಟಿ ಕಪ್ಪೆಚಿಪ್ಪಿನ ಪದರವೋ ಗುಂಡುಕಲ್ಲೋ ಸಿಕ್ಕಿದರೆ ಎರಕದ ರೆಕ್ಕೆ ಬಿರಿಯುತ್ತದೆ. ಎರಕದ ಕಬ್ಬಿಣ ಬಗ್ಗುವುದಿಲ್ಲ, ಮುರಿಯುತ್ತದೆ.

ಈ ಮನೆಗಳಿಗೆ ಕೆಡುಕು ಬಂದದ್ದು ಅಲೆಯಿಂದ ಕಡಿಮೆ, ಮಂಜುಗಡ್ಡೆಯಿಂದ ಹೆಚ್ಚು. ಚೆಸಪೀಕ್ ನೀರು ಅರೆ ಉಪ್ಪು. ಕಡು ಚಳಿಗಾಲದಲ್ಲಿ ಹೆಪ್ಪುಗಟ್ಟಿ ದೊಡ್ಡ ದೊಡ್ಡ ಹಾಳೆಗಳಾಗುತ್ತದೆ, ಉಬ್ಬರ ಇಳಿತ ಆ ಹಾಳೆಗಳನ್ನು ತಂದು ಕಾಲಿಗೆ ಒತ್ತುತ್ತದೆ. ಅಲೆ ಕಾಲುಗಳ ನಡುವೆ ಹಾದುಹೋಗುತ್ತದೆ, ಮಂಜುಗಡ್ಡೆ ಹೋಗುವುದಿಲ್ಲ. 1877ರಲ್ಲಿ ಥಾಮಸ್ ಪಾಯಿಂಟ್ ಮನೆ ಹೀಗೆ ಅಲುಗಾಡಿ ಲೆನ್ಸೇ ಉರುಳಿತು. 1881ರ ಫೆಬ್ರುವರಿಯಲ್ಲಿ ಅದೇ ಕೊಲ್ಲಿಯ ಶಾರ್ಪ್ಸ್ ಐಲ್ಯಾಂಡ್ ದೀಪದ ಮನೆ ಕಾಲಿನಿಂದ ಕಿತ್ತು ಬಂದು, ಕಾವಲುಗಾರರನ್ನು ಒಳಗಿಟ್ಟುಕೊಂಡೇ ಸುಮಾರು 5 ಮೈಲಿ ತೇಲಿ ಹೋಯಿತು. ಅವರು ಬದುಕುಳಿದರು. ಅದಾದ ಮೇಲೆ ಅಲ್ಲಿ ಮತ್ತೆ ತಿರುಪು ಕಂಬ ಹಾಕಲಿಲ್ಲ. 1882ರಲ್ಲಿ ದೊಡ್ಡ ಕಬ್ಬಿಣದ ಕೊಳಗದಂಥ ಕೈಸನ್ ಇಳಿಸಿ ಕಟ್ಟಿದರು. ಅದನ್ನೂ 1977ರ ಮಂಜುಗಡ್ಡೆ ಓರೆ ಮಾಡಿತು, ಈಗಲೂ ಓರೆಯಾಗಿಯೇ ನಿಂತಿದೆ.

ನಿಮ್ಮ ಕ್ಯಾಲೆಂಡರಿನ ಚಿತ್ರದಲ್ಲಿ ಕಾಲುಗಳ ಸುತ್ತ ಕಲ್ಲಿನ ರಾಶಿ ಇದೆಯಲ್ಲ, ಅದು ಅಂದಕ್ಕಲ್ಲ. ಮಂಜುಗಡ್ಡೆ ಮೊದಲು ಅದಕ್ಕೆ ಬಡಿದು ಒಡೆಯಲಿ ಎಂದೂ, ಕಂಬದ ಬುಡದ ಮರಳನ್ನು ನೀರಿನ ಸುಳಿ ಕೊರೆಯದಿರಲಿ ಎಂದೂ ಹಾಕಿದ್ದು. ಇಂಥ ಮನೆಗಳಲ್ಲಿ ದಿನಾ ನೋಡಿಕೊಳ್ಳಬೇಕಾದ ಜಾಗ ಇನ್ನೊಂದಿದೆ: ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಕಬ್ಬಿಣ. ನೀರಿನಲ್ಲೇ ಮುಳುಗಿದ ಭಾಗಕ್ಕಿಂತ, ಒದ್ದೆಯಾಗಿ ಒಣಗುವ ಈ ಭಾಗ ಬೇಗ ತುಕ್ಕು ತಿನ್ನುತ್ತದೆ. ಓರೆ ಬಿಗಿಸರಳುಗಳು ಸಡಿಲವಾದರೆ ಇಡೀ ಮನೆ ತೂಗಲು ಶುರು.

ಆ ಕೊಲ್ಲಿಯಲ್ಲಿ ಇಂಥವು ಹಲವಿದ್ದವು. ಕೆಲವನ್ನು ಎತ್ತಿ ತಂದು ದಡದ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದಾರೆ. ಮೊದಲು ಕಟ್ಟಿದ ಜಾಗದಲ್ಲೇ ಉಳಿದಿರುವುದು ಥಾಮಸ್ ಪಾಯಿಂಟ್ ಒಂದೇ. 1986ರವರೆಗೆ ಅಲ್ಲಿ ಮನುಷ್ಯರಿದ್ದು ದೀಪ ನೋಡಿಕೊಂಡರು, ಆಮೇಲೆ ಯಂತ್ರ. ಮಗಳಿಗೆ ಹೇಳಿ, ಅನುಕೂಲವಾದರೆ ಹೋಗಿ ನೋಡಿ ಬರಲಿ.

ಪ್ರಶ್ನೆ: ಕುದುರೆಮುಖದ ನೆತ್ತಿಯಿಂದ ರಾತ್ರಿ ಕಾಪುವಿನ ದೀಪ ಕಾಣಬಹುದೇ? (ಕಳಸ)

ಮೊದಲು ತಿರುಗಿಸಿ ಕೇಳಿಕೊಳ್ಳಿ: ಕಡಲಿನಿಂದ ಕುದುರೆಮುಖ ಕಾಣುತ್ತದೆಯೇ? ಕಾಣುತ್ತದೆ. ಹಗಲಿನಲ್ಲಿ ಆ ಕುದುರೆಯ ಮುಖದ ಆಕಾರವೇ ಹಡಗಿನವರಿಗೆ ಗುರುತಾಗಿತ್ತು. ಭೂಮಿಯ ಉಬ್ಬಿನ ಲೆಕ್ಕ ಸರಳ. ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರ ವರ್ಗಮೂಲ ತೆಗೆದು 3.86ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂದು ಬರುತ್ತದೆ. ಗಾಳಿಯಲ್ಲಿ ಬೆಳಕು ಸ್ವಲ್ಪ ಬಾಗುವುದನ್ನೂ ಆ ಅಂಕಿ ಒಳಗೊಂಡಿದೆ. ಕುದುರೆಮುಖ 1892 ಮೀಟರ್, ವರ್ಗಮೂಲ 43.5, ದೂರ ಸುಮಾರು 168 ಕಿ.ಮೀ. ಶಿಖರದಿಂದ ಕಡಲ ತೀರ 50 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ತೀರದಿಂದಾಚೆ 100 ಕಿ.ಮೀ. ದೂರದ ಹಡಗಿಗೂ, ಆಕಾಶ ತಿಳಿಯಾಗಿದ್ದರೆ, ಅದರ ತುದಿ ಕಾಣಬೇಕು.

ಸಾಮಾನ್ಯ ದೀಪಕ್ಕೆ ಇದೇ ಲೆಕ್ಕವನ್ನು ಎರಡು ಸಲ ಮಾಡಿ ಕೂಡಿಸಬೇಕು. ಕಡಲ ಮಟ್ಟದಿಂದ 36 ಮೀಟರ್ ಎತ್ತರದ ದೀಪಕ್ಕೆ 23 ಕಿ.ಮೀ., ದೋಣಿಯಲ್ಲಿ 4 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ 8 ಕಿ.ಮೀ., ಒಟ್ಟು 31. ದೋಣಿಯ ಅಂಚಿನಲ್ಲಿ ಕೂತವನಿಗಿಂತ ಮೇಲೆ ಹತ್ತಿ ನಿಂತವನಿಗೆ ದೀಪ ಮೊದಲು ಕಾಣುವುದು ಇದರಿಂದಲೇ.

ಈಗ ನಿಮ್ಮ ಪ್ರಶ್ನೆ. ಶಿಖರದಿಂದ ಕಾಪು ಸುಮಾರು 58 ಕಿ.ಮೀ. ಭೂಮಿಯ ಉಬ್ಬು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಎರಡು. ಒಂದು, ನಡುವಿನ ತೇವದ ಮಬ್ಬು. ದೀಪಸ್ತಂಭಗಳ ಪಟ್ಟಿಯಲ್ಲಿ ಬರೆದಿರುವ, ದೀಪ ಕಾಣುವ ದೂರವನ್ನು 10 ನಾಟಿಕಲ್ ಮೈಲಿ, ಅಂದರೆ 18.5 ಕಿ.ಮೀ. ನೋಟ ಇರುವ ಗಾಳಿಗೆ ಲೆಕ್ಕ ಹಾಕಿರುತ್ತಾರೆ. ಅದರ ಮೂರು ಪಟ್ಟು ದೂರದಲ್ಲಿ ಬಹಳಷ್ಟು ಬೆಳಕು ಸೋತುಹೋಗಿರುತ್ತದೆ. ಎರಡು, ಲೆನ್ಸು ಬೆಳಕನ್ನು ದಿಗಂತದ ನೇರಕ್ಕೆ ಹಾಳೆಯಂತೆ ಚಪ್ಪಟೆ ಮಾಡಿ ಕಳಿಸುತ್ತದೆ, ಆಕಾಶಕ್ಕೆ ಹೋಗಿ ವ್ಯರ್ಥವಾಗದಿರಲಿ ಎಂದು. ಕಾಪುವಿನಿಂದ ನೋಡಿದರೆ ಶಿಖರ ದಿಗಂತಕ್ಕಿಂತ ಒಂದೂವರೆ ಡಿಗ್ರಿಯಷ್ಟು ಮೇಲಿದೆ. ಅಂದರೆ ನಿಮಗೆ ಸಿಗುವುದು ಕಿರಣದ ಹೊಟ್ಟೆಯಲ್ಲ, ಅಂಚು. ಮಳೆ ನಿಂತ ಮೇಲಿನ ತೊಳೆದಂಥ ರಾತ್ರಿಯಲ್ಲಿ ಒಳ್ಳೆಯ ದುರ್ಬೀನಿಗೆ ಮಿಣುಕು ಸಿಕ್ಕರೂ ಸಿಕ್ಕಬಹುದು. ಆದರೆ ರಾತ್ರಿ ಶಿಖರದಲ್ಲಿ ಉಳಿಯಲು ಅರಣ್ಯ ಇಲಾಖೆ ಬಿಡುವುದಿಲ್ಲ, ಬಿಡದಿರುವುದೇ ಸರಿ.

ಪ್ರಶ್ನೆ: ಕಡಲ ತೀರದಲ್ಲಿ ಎಷ್ಟೋ ಬೆಳಕುಗಳಿರುತ್ತವೆ. ಇದು ಇಂಥದೇ ದೀಪ ಎಂದು ಮೀನುಗಾರರಿಗೆ ಹೇಗೆ ಗೊತ್ತಾಗುತ್ತದೆ? (ಅರಸೀಕೆರೆ)

ಪ್ರತಿ ದೀಪಕ್ಕೂ ಒಂದು ತಾಳ ಇದೆ. ಅದೇ ಅದರ ಹೆಸರು. ಕತ್ತಲೆ ಹೆಚ್ಚು ಬೆಳಕು ಕಡಿಮೆ ಇದ್ದರೆ ಅದು ಮಿಂಚುವ ದೀಪ. ಬೆಳಕು ಹೆಚ್ಚು ಕತ್ತಲೆ ಕಡಿಮೆ ಇದ್ದರೆ ಮರೆಯಾಗುವ ದೀಪ. ಎರಡೂ ಸಮವಾಗಿದ್ದರೆ ಅದು ಮೂರನೇ ಬಗೆ. ಒಂದು ಕೊಲ್ಲಿಯ ಅಕ್ಕಪಕ್ಕದ ದೀಪಗಳಿಗೆ ಒಂದೇ ತಾಳ ಇಡುವುದಿಲ್ಲ.

ನಕ್ಷೆಯಲ್ಲಿ "ಎಫ್‌ಎಲ್ (2) 10ಎಸ್ 36ಎಂ 16ಎಂ" ಎಂದಿದ್ದರೆ, 10 ಸೆಕೆಂಡಿಗೊಮ್ಮೆ ಎರಡು ಮಿಂಚು, ಎತ್ತರ 36 ಮೀಟರ್, ದೂರ 16 ನಾಟಿಕಲ್ ಮೈಲಿ. ಹೊಸಬರು ಎಡವುವುದು ಆ ಎರಡು ಎಂಗಳಲ್ಲಿ. ಇಂಗ್ಲಿಷಿನ ಸಣ್ಣಕ್ಷರ ಮೀಟರು, ದೊಡ್ಡಕ್ಷರ ಮೈಲಿ. ನಾಟಿಕಲ್ ಮೈಲಿ 1852 ಮೀಟರ್, ರಸ್ತೆಯ ಮೈಲಿಗಿಂತ ಉದ್ದ.

ಎಣಿಸುವಾಗ ಆಗುವ ತಪ್ಪೆಂದರೆ ಮಿಂಚು ಆರಿದ ಮೇಲಿನಿಂದ ಮುಂದಿನ ಮಿಂಚಿನವರೆಗೆ ಅಳೆಯುವುದು. ಒಂದು ಗುಂಪಿನ ಮೊದಲ ಮಿಂಚಿನಿಂದ ಮುಂದಿನ ಗುಂಪಿನ ಮೊದಲ ಮಿಂಚಿನವರೆಗೆ ಅಳೆಯಬೇಕು, ಮೂರು ಸಲ ಅಳೆಯಬೇಕು. ಅಲೆಯ ಮರೆಯಲ್ಲಿ ಒಂದು ಮಿಂಚು ತಪ್ಪಿದರೆ 5 ಸೆಕೆಂಡಿನ ದೀಪ 10 ಸೆಕೆಂಡಿನದಾಗಿ ಕಂಡು, ದೋಣಿ ಬೇರೆ ಊರಿನ ಅಳಿವೆಯನ್ನು ಹುಡುಕುತ್ತ ಹೋಗುತ್ತದೆ. ಜಿಪಿಎಸ್ ಬಂದ ಮೇಲೂ ಈ ಎಣಿಕೆ ಬಿಡಬಾರದು. ಬ್ಯಾಟರಿ ಮುಗಿಯುತ್ತದೆ, ಸಂಕೇತ ಕೆಡುತ್ತದೆ. ಕಣ್ಣಿಗೆ ಕಂಡ ದೀಪ ಬೇರೆಯದೇ ಸಾಕ್ಷಿ.

ಪ್ರಶ್ನೆ: ಟನ್‌ಗಟ್ಟಲೆ ಭಾರದ ಲೆನ್ಸು ಪಾದರಸದ ಮೇಲೆ ತೇಲುತ್ತಿತ್ತಂತೆ, ನಿಜವೇ? (ಬೇಲೂರು)

ನಿಜ. ಹಳೇ ದೀಪಸ್ತಂಭಗಳಲ್ಲಿ ದೀಪ ಉರಿಯುತ್ತಲೇ ಇರುತ್ತಿತ್ತು, ಸುತ್ತಲಿನ ಲೆನ್ಸು ತಿರುಗಿ ಕಿರಣ ನಮ್ಮ ಕಡೆ ಬಂದುಹೋದಾಗ ಮಿಂಚು ಕಾಣುತ್ತಿತ್ತು. ಆ ಲೆನ್ಸನ್ನು ಉರುಳೆಗಳ ಮೇಲೆ ತಿರುಗಿಸಿದರೆ ಭಾರಕ್ಕೆ ಉರುಳೆ ಸವೆದು ನಿಧಾನವಾಗುತ್ತದೆ, ತಾಳ ತಪ್ಪುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಆದ್ದರಿಂದ ಉಂಗುರಾಕಾರದ ತೊಟ್ಟಿಯಲ್ಲಿ ತೆಳುವಾಗಿ ಪಾದರಸ ಹಾಕಿ ಅದರ ಮೇಲೆ ಲೆನ್ಸಿನ ಪೀಠವನ್ನು ತೇಲಿಸಿದರೆ ಬೆರಳಿನಲ್ಲಿ ತಳ್ಳಿದರೂ ತಿರುಗುತ್ತದೆ. ಗಡಿಯಾರದಂಥ ಯಂತ್ರ, ಅದಕ್ಕೆ ತೂಗುಬಿಟ್ಟ ತೂಕದ ಗುಂಡು, ಕೆಲವು ಗಂಟೆಗೊಮ್ಮೆ ಕೈಯಿಂದ ಕೀಲಿ ಕೊಡುವುದು. ಪಾದರಸದ ಮೇಲೆ ಧೂಳಿನ ಕೆನೆ ಕಟ್ಟಿದರೆ ಮೆದು ಚರ್ಮದಲ್ಲಿ ಸೋಸುತ್ತಿದ್ದರು. ಅದರ ಆವಿ ಉಸಿರಿಗೆ ಸೇರಿದರೆ ಕೈ ನಡುಕ, ಮರೆವು, ಮನಸ್ಸಿನ ಕದಲಿಕೆ ಬರುತ್ತದೆ. ಅದಕ್ಕೇ ಹಲವು ಕಡೆ ಪಾದರಸ ತೆಗೆದು ಎಲ್‌ಇಡಿ ದೀಪ ಹಾಕಿದ್ದಾರೆ. ಎಲ್‌ಇಡಿಯನ್ನೇ ಆರಿಸಿ ಹೊತ್ತಿಸಿದರೆ ತಾಳ ಬರುತ್ತದೆ, ಏನೂ ತಿರುಗಬೇಕಿಲ್ಲ.

ಪ್ರಶ್ನೆ: ತೋಟದ ಹಳೇ ಬಂಗಲೆಯ ಅಟ್ಟದಲ್ಲಿ ಹಿತ್ತಾಳೆಯ ಹಡಗಿನ ಲಾಂದ್ರ ಸಿಕ್ಕಿದೆ. ಗಾಜು ಉಂಗುರ ಉಂಗುರವಾಗಿದೆ. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಜಗಲಿಯಲ್ಲಿ ತೂಗುಹಾಕಬೇಕೆಂದಿದ್ದೇವೆ. (ಮೂಡಿಗೆರೆ)

ದಯವಿಟ್ಟು ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಿಸಬೇಡಿ. ಪಾತ್ರೆಗೆ ಸರಿ, ಇದಕ್ಕೆ ಸಲ್ಲ. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿಂದು ಗುಲಾಬಿ ಬಣ್ಣದ ಮಚ್ಚೆ ಬಿಡುತ್ತದೆ. ಗಾಜಿನ ಸುತ್ತ ಇರುವ ಹಳೇ ಮೆತ್ತಿನ ಸಂದಿಗೆ ಇಳಿದರೆ ಆಮೇಲೆ ಹಸಿರು ಕಿಲುಬಾಗಿ ಒಸರುತ್ತಲೇ ಇರುತ್ತದೆ. ಪಾತ್ರೆ ತೊಳೆಯುವ ಪುಡಿ, ಉಜ್ಜುವ ಜಾಲರಿ ಗಾಜಿಗೆ ಬೇಡವೇ ಬೇಡ. ಆ ಉಂಗುರಗಳ ಚೂಪು ಅಂಚಿಗೆ ಗೀರು ಬಿದ್ದರೆ ಬೆಳಕು ಅಲ್ಲೇ ಚೆದುರುತ್ತದೆ.

ಮೊದಲು ಒಣ ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಉಗುರು ಬೆಚ್ಚಗಿನ ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಮೆದು ಸೋಪು ಹಾಕಿ, ಹತ್ತಿಯನ್ನು ಅದ್ದಿ ಹಿಂಡಿ, ಉಂಗುರದ ಉದ್ದಕ್ಕೆ ಒರೆಸಿ, ಅಡ್ಡಡ್ಡ ಬೇಡ. ಲಾಂದ್ರವನ್ನು ನೀರಿನಲ್ಲಿ ಮುಳುಗಿಸಬೇಡಿ. ಬರೀ ನೀರಿನ ಹತ್ತಿಯಿಂದ ಇನ್ನೊಮ್ಮೆ ಒರೆಸಿ ಆಗಲೇ ಒಣಗಿಸಿ. ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಟ್ಟು ಕೆಲಸ ಮಾಡಿ. ದೀಪಸ್ತಂಭದ ಕಾವಲುಗಾರರು ಅಂಗಿಯ ಗುಂಡಿ ಗಾಜಿಗೆ ತಾಗದಿರಲಿ ಎಂದು ಮೇಲೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು.

ಇದು ಹಡಗಿನ ಯಾವ ಜಾಗದ್ದು ಎಂದು ನೀವೇ ಕಂಡುಕೊಳ್ಳಬಹುದು. ಗಾಜು ಎಷ್ಟು ಸುತ್ತು ತೆರೆದಿದೆ ಅಳೆಯಿರಿ. 225 ಡಿಗ್ರಿ ಇದ್ದರೆ ಮುಂದಿನ ಪಟಸ್ತಂಭದ ದೀಪ, 135 ಇದ್ದರೆ ಹಿಂಬದಿಯದು, 112.5 ಇದ್ದರೆ ಪಕ್ಕದ್ದು. ಪಕ್ಕದ್ದಾದರೆ ಕೆಂಪು ಎಡಕ್ಕೆ, ಹಸಿರು ಬಲಕ್ಕೆ.

ತೂಗುಹಾಕುವ ಜಾಗ ಬಹಳ ಮುಖ್ಯ. ಬಿಸಿಲು ಬೀಳುವ ಜಗಲಿ, ಕಿಟಕಿ ಬೇಡ. ಈ ಗಾಜು ಒಳಗಿನ ಬೆಳಕನ್ನು ಹೊರಗೆ ನೇರ ಮಾಡಿ ಕಳಿಸುವಂತೆಯೇ ಹೊರಗಿನ ಬಿಸಿಲನ್ನು ಒಳಗೆ ಒಂದೆಡೆ ಸೇರಿಸುತ್ತದೆ. ದೊಡ್ಡ ದೀಪಸ್ತಂಭಗಳಲ್ಲಿ ಹಗಲು ಪರದೆ ಎಳೆಯುತ್ತಿದ್ದುದು ಈ ಬೆಂಕಿಯ ಭಯಕ್ಕೆ. ಒಳಗೆ ಸೀಮೆಎಣ್ಣೆ ಬತ್ತಿ ಹಚ್ಚುವ ಬದಲು 3 ವ್ಯಾಟ್‌ನ ಎಲ್‌ಇಡಿ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಯಾದ ಹಳೇ ಗಾಜಿಗೆ ಒಂದು ಎರಚಲು ಬಿದ್ದರೂ ಬಿರುಕು ಬರುತ್ತದೆ.

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ದೀಪಸ್ತಂಭದ ಮಾದರಿ ಮಾಡಬೇಕು. ಬರೀ ಬಲ್ಬು ಮಿನುಗಿಸುವುದು ಬೇಡ, ನಿಜವಾದ ತತ್ವ ಕಾಣಬೇಕು. (ಒಬ್ಬ ಶಿಕ್ಷಕಿ, ಚನ್ನರಾಯಪಟ್ಟಣ)

ಹಾಗಾದರೆ ದೀಪ ಉರಿಯುತ್ತಲೇ ಇರಲಿ, ಲೆನ್ಸು ತಿರುಗಲಿ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ 1823ರಲ್ಲಿ ಕಾರ್ಡುವಾನ್ ದೀಪಸ್ತಂಭದಲ್ಲಿ ಇಟ್ಟದ್ದು ಇಂಥ ಲೆನ್ಸು. ದಪ್ಪ ಲೆನ್ಸಿನ ನಡುವಿನ ಗಾಜನ್ನೆಲ್ಲ ಬಿಟ್ಟು, ಬೆಳಕನ್ನು ಬಾಗಿಸುವ ಮೇಲ್ಮೈಯನ್ನು ಮಾತ್ರ ಉಂಗುರಗಳಾಗಿ ಜೋಡಿಸಿದ್ದು.

ಪುಸ್ತಕದಂಗಡಿಯಲ್ಲಿ ಓದಲು ಸಿಗುವ ಪ್ಲಾಸ್ಟಿಕ್ ಭೂತಗನ್ನಡಿ ಹಾಳೆ ಎರಡು ತನ್ನಿ. ಬೆರಳಾಡಿಸಿದರೆ ಸಣ್ಣ ಗೆರೆಗಳು ತಾಗುತ್ತವೆ, ಅದೇ ಫ್ರೆನೆಲ್ ಲೆನ್ಸು. ನಾಭಿದೂರ ತಿಳಿಯಲು ತರಗತಿಯ ಒಳಗೋಡೆಯ ಎದುರು ಹಾಳೆ ಹಿಡಿದು, ದೂರದ ಕಿಟಕಿಯ ಆಚೆಯ ಮರ ಗೋಡೆಯ ಮೇಲೆ ತಲೆಕೆಳಗಾಗಿ ಸ್ಪಷ್ಟ ಮೂಡುವವರೆಗೆ ಹಿಂದೆ ಮುಂದೆ ಮಾಡಿ. ಗೋಡೆಗೂ ಹಾಳೆಗೂ ಇರುವ ದೂರವೇ ಅದು. ಬಿಸಿಲಿನಲ್ಲಿ ಪರೀಕ್ಷಿಸಲು ಮಕ್ಕಳನ್ನು ಬಿಡಬೇಡಿ.

ಒಂದೇ ಚುಕ್ಕಿಯಂಥ ಎಲ್‌ಇಡಿಯನ್ನು ನಡುವೆ ಅಲುಗದಂತೆ ನಿಲ್ಲಿಸಿ. ಹಲವು ಚುಕ್ಕಿಗಳ ಪಟ್ಟಿ ಆಗದು, ಕಿರಣ ಹರಡುತ್ತದೆ. ಅದರಿಂದ ಎರಡೂ ಕಡೆ ನಾಭಿದೂರದಲ್ಲಿ ಒಂದೊಂದು ಹಾಳೆ, ಗೆರೆಗಳಿರುವ ಮುಖ ಹೊರಗೆ. ಒಳಗೆ ತಿರುಗಿಸಿದರೆ ಕಿರಣ ಮಸುಕಾಗುತ್ತದೆ. ಹಾಳೆಗಳ ಚೌಕಟ್ಟನ್ನು ನಿಮಿಷಕ್ಕೆ 10 ಸುತ್ತಿನ ಗೇರ್ ಮೋಟಾರಿಗೆ ಕೂರಿಸಿ. ಒಂದು ಸುತ್ತಿಗೆ 6 ಸೆಕೆಂಡು, ಎರಡು ಹಾಳೆ, ಆದ್ದರಿಂದ 3 ಸೆಕೆಂಡಿಗೊಂದು ಮಿಂಚು. ಹಾಳೆ ಮೂರಾದರೆ 2 ಸೆಕೆಂಡು. ಮಕ್ಕಳು ಇದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಗಡಿಯಾರ ಹಿಡಿದು ತಾಳೆ ನೋಡಲಿ.

ಮಿಂಚಿನ ಬದಲು ದೊಡ್ಡ ಮಬ್ಬು ಬೆಳಕು ಹಾದುಹೋದರೆ ಎಲ್‌ಇಡಿ ನಾಭಿಯಲ್ಲಿಲ್ಲ ಎಂದರ್ಥ. ಕಿರಣ ಚಾವಣಿಗೋ ನೆಲಕ್ಕೋ ಹೋದರೆ ಎಲ್‌ಇಡಿಯ ಎತ್ತರ ಹಾಳೆಯ ನಡುಮಟ್ಟಕ್ಕೆ ಸರಿಯಾಗಿಲ್ಲ. ಎಲ್‌ಇಡಿಯನ್ನು ಮೇಲೆತ್ತಿದರೆ ಕಿರಣ ಕೆಳಗಿಳಿಯುತ್ತದೆ, ಕೆಳಗಿಳಿಸಿದರೆ ಮೇಲೇರುತ್ತದೆ. ಹೊಂದಿಸಿದ ಮೇಲೆ ಕತ್ತಲೆ ಮಾಡಿದ ಕಾರಿಡಾರಿನ ತುದಿಗೆ ಒಬ್ಬ ವಿದ್ಯಾರ್ಥಿಯನ್ನು ಕಳಿಸಿ, ಅದೇ ಎಲ್‌ಇಡಿಯನ್ನು ಹಾಳೆಯಿಲ್ಲದೆ ಒಮ್ಮೆ, ಹಾಳೆಯೊಂದಿಗೆ ಒಮ್ಮೆ ನೋಡಲು ಹೇಳಿ.